ಕೈ ನೋಡುವ ಕಣ್ಣು

ಸಾವನದುರ್ಗದ ಕರಿಗುಡ್ಡಕ್ಕೆ ಮೆಟ್ಟಿಲಿಲ್ಲ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರಕ್ಕೆ ಎದ್ದು ನಿಂತ ಏಕಶಿಲೆ. ಬಂಡೆಯ ಮೇಲೆ ಬಳಿದ ಗುರುತು ಹಿಡಿದು ಹತ್ತಬೇಕು, ಅದೇ ಗುರುತು ಹಿಡಿದು ಇಳಿಯಬೇಕು. ಹತ್ತುವಾಗ ಎದೆ ಬಂಡೆಯ ಕಡೆಗಿರುತ್ತದೆ, ಕಣ್ಣೂ ಅಲ್ಲೇ ನೆಟ್ಟಿರುತ್ತದೆ. ಇಳಿಯುವಾಗ ಮಂಚನಬೆಲೆಯ ನೀರು ಕಣ್ಣು ಸೆಳೆಯುತ್ತದೆ, ದಣಿದ ತೊಡೆ ನಡುಗುತ್ತದೆ. ಒಂದು ಸಣ್ಣ ಮಳೆ ಬಂದು ಹೋಗಿದ್ದರಂತೂ ಬಂಡೆ ಕಾಲು ನಿಲ್ಲಗೊಡುವುದಿಲ್ಲ. ಜಾರಿ ಬಿದ್ದವರನ್ನು ತಪ್ಪಲಿನ ವೀರಭದ್ರಸ್ವಾಮಿ ಗುಡಿಯವರೆಗೆ ಹೊತ್ತು ತಂದು, 108ಕ್ಕೋ ಸಿಕ್ಕ ಗಾಡಿಗೋ ಹಾಕಿ, ಸುಮಾರು 12 ಕಿಲೋಮೀಟರ್ ದೂರದ ಮಾಗಡಿಗೆ ಒಯ್ಯುತ್ತಾರೆ. ತುರ್ತು ಕೊಠಡಿಯ ಬಾಗಿಲಲ್ಲಿ ಬಹುಮಟ್ಟಿಗೆ ಮೊದಲು ಎದುರಾಗುವವರು ಸಿಸ್ಟರ್. ಈಗೀಗ ಬ್ರದರ್‌ಗಳೂ ಇದ್ದಾರೆ. ಸರ್ಕಾರಿ ಕಡತದಲ್ಲಿ ಇಬ್ಬರೂ ಶುಶ್ರೂಷಾಧಿಕಾರಿಗಳು.

ಇವರ ಕೆಲಸವನ್ನು ಸವಿಯುವ ಅಭ್ಯಾಸ ನಮಗಿಲ್ಲ. ಕುಸ್ತಿಯ ಪಟ್ಟಿಗೆ, ಹಾಡಿನ ಸಂಗತಿಗೆ, ಒಳ್ಳೆಯ ಮಾತಿಗೆ ಭಲೇ ಅನ್ನುತ್ತೇವೆ. ನರ ಸಿಗದ ಮುದುಕಿಯ ಕೈಯಲ್ಲಿ ಒಂದೇ ಸಲಕ್ಕೆ ಕ್ಯಾನುಲಾ ಕೂರಿಸಿದವರಿಗೆ ಯಾರೂ ಭಲೇ ಅನ್ನುವುದಿಲ್ಲ. ಅನ್ನುವ ಹೊತ್ತೂ ಅದಲ್ಲ, ನಿಜ. ಆದರೆ ಅಳೆಯುವ ಅಭ್ಯಾಸ ಮಾತ್ರ ಧಾರಾಳವಾಗಿದೆ: ಪ್ರಶ್ನೆಪತ್ರಿಕೆ, ಟಿಕ್ ಹಾಕುವ ನಮೂನೆ, ವರ್ಷಕ್ಕೊಮ್ಮೆ ವರದಿ. ಸವಿಯಲು ಬಾರದವರಿಗೆ ಅಳೆಯಲೂ ಬರುವುದಿಲ್ಲ ಎಂಬುದು ನನ್ನ ಬಲವಾದ ಅನುಮಾನ.

ಮೊದಲ ನೋಟವನ್ನೇ ತೆಗೆದುಕೊಳ್ಳಿ. ಸ್ಟ್ರೆಚರ್ ಬಾಗಿಲು ದಾಟಿ ಮಂಚದ ಪಕ್ಕಕ್ಕೆ ಬರುವ ಐದಾರು ಹೆಜ್ಜೆಯಲ್ಲೇ ಬಹಳಷ್ಟು ಮುಗಿದಿರುತ್ತದೆ. ಕಣ್ಣು ತೆರೆದಿದೆಯೇ, ಎದೆ ಎರಡೂ ಕಡೆ ಸಮನಾಗಿ ಏಳುತ್ತಿದೆಯೇ, ತುಟಿಯ ಬಣ್ಣ ಏನು, ಬಟ್ಟೆಯಡಿಯಿಂದ ರಕ್ತ ಜಿನುಗುತ್ತಿದೆಯೇ. ಸಂಗೀತ ಕಚೇರಿಯ ಮುಂದಿನ ಸಾಲಿನಲ್ಲಿ ಕೂತ ಹಳೆಯ ರಸಿಕರು ಆಲಾಪನೆಯ ಮೊದಲ ಸಂಚಾರಕ್ಕೇ ರಾಗ ಹಿಡಿದು ಪಕ್ಕದವರತ್ತ ತಿರುಗುತ್ತಾರಲ್ಲ, ಅಂಥದ್ದೇ ಕಿವಿ ಈ ಕಣ್ಣಿಗೂ ಇದೆ. ಬಾಯಿ ಬಿಟ್ಟು ಅರಚುತ್ತಿರುವ ಹುಡುಗನನ್ನು ದಾಟಿ, ಮೂಲೆಯಲ್ಲಿ ಸುಮ್ಮನೆ ಒರಗಿರುವ ಅವನ ಗೆಳೆಯನ ಬಳಿ ಸಿಸ್ಟರ್ ಮೊದಲು ನಿಂತರೆ ಜೊತೆಗೆ ಬಂದವರಿಗೆ ಸಿಟ್ಟು ಬರುತ್ತದೆ. ಅರಚುವವನಿಗೆ ಉಸಿರಿನ ದಾರಿ ತೆರೆದೇ ಇದೆ. ಸುಮ್ಮನಿರುವವನದು ಹೇಗೋ ನೋಡಬೇಕು.

ಯಾರನ್ನು ಮೊದಲು ನೋಡುವುದು ಎಂಬ ಈ ಲೆಕ್ಕಕ್ಕೆ ಟ್ರಯಾಜ್ ಎನ್ನುತ್ತಾರೆ. ಇದು ಯುದ್ಧಭೂಮಿಯಿಂದ ಬಂದದ್ದು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಸಾವನದುರ್ಗವನ್ನು ಕಿತ್ತುಕೊಂಡಿತು. ಅದರ ಮರುವರ್ಷ ಫ್ರಾನ್ಸಿನ ರೈನ್ ಸೈನ್ಯವನ್ನು ಸೇರಿದ ಡೊಮಿನಿಕ್ ಜಾನ್ ಲಾರೆ ಎಂಬ ಸರ್ಜನ್, ಯುದ್ಧ ಮುಗಿಯುವ ತನಕ ಕಾಯದೆ ಗಾಯಾಳುಗಳನ್ನು ಹಗುರ ಕುದುರೆಗಾಡಿಗಳಲ್ಲಿ ಎತ್ತಿ ತರುವ ಏರ್ಪಾಡು ಹುಟ್ಟುಹಾಕಿದ. ಹುದ್ದೆ ನೋಡಬೇಡಿ, ದೇಶ ನೋಡಬೇಡಿ, ಗಾಯ ನೋಡಿ ಸರದಿ ಕೊಡಿ ಎಂಬ ಕಟ್ಟಳೆ ಅವನದು. ಸಾವನದುರ್ಗದ ಮುತ್ತಿಗೆಯಲ್ಲಿ ಬಿದ್ದವರಿಗೆ ಅಂಥ ಸರದಿ ಸಿಕ್ಕಿರಲಾರದು. ಇವತ್ತಿಗೂ ಯಾವ ಊರಿನ ತುರ್ತು ಕೊಠಡಿಯಲ್ಲೂ ಆ ಕಟ್ಟಳೆ ಸಲೀಸಲ್ಲ. ಸ್ಟ್ರೆಚರಿಗಿಂತ ಮೊದಲು ಶಿಫಾರಸಿನ ಫೋನು ಬಂದಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ಕಳ್ಳತನ. ಸಿಸ್ಟರ್ ರೋಗಿಯ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸುತ್ತಾರೆ. ಎಣಿಸಿ ಮುಗಿದರೂ ಕೈ ಬಿಡುವುದಿಲ್ಲ. ನಾಡಿ ನೋಡುತ್ತಿದ್ದಾರೆಂದೇ ರೋಗಿ ತಿಳಿದಿರುತ್ತಾನೆ. ಅವರ ಓರೆಗಣ್ಣು ಅಷ್ಟರಲ್ಲಿ ಅವನ ಎದೆಯ ಮೇಲೆ ಹೋಗಿ ಉಸಿರು ಎಣಿಸುತ್ತಿರುತ್ತದೆ. ನಿಮ್ಮ ಉಸಿರು ಎಣಿಸುತ್ತೇನೆ ಎಂದು ಹೇಳಿದ ಕೂಡಲೇ ಯಾರ ಉಸಿರೂ ತನ್ನ ಪಾಡಿಗೆ ತಾನು ನಡೆಯುವುದಿಲ್ಲ. ಹಾಗಾಗಿ ಕದ್ದು ಎಣಿಸುವುದೇ ಸರಿಯಾದ ವಿಧಾನ, ನರ್ಸಿಂಗ್ ಕಾಲೇಜಿನ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಆದರೆ ಇಡೀ ನಿಮಿಷ ನಿಂತು ಎಣಿಸುವವರು ಅಪರೂಪ. ಪ್ರಪಂಚದ ಯಾವ ಮೂಲೆಯ ಆಸ್ಪತ್ರೆಯ ಕೇಸ್ ಶೀಟು ತೆಗೆದರೂ ಉಸಿರಿನ ಕಾಲಂನಲ್ಲಿ 18 ಅಥವಾ 20 ಎಂಬ ಅಂಕಿ ಸಾಲುಗಟ್ಟಿ ಕೂತಿರುತ್ತದೆ, ಎಲ್ಲರೂ ಒಂದೇ ತಾಳಕ್ಕೆ ಉಸಿರಾಡುವವರ ಹಾಗೆ. ರೋಗಿ ಕುಸಿಯುವುದಕ್ಕೆ ಎಷ್ಟೋ ಹೊತ್ತು ಮೊದಲೇ ದಾರಿ ಬದಲಿಸುವ ಅಂಕಿ ಇದೇ. ಒಂದು ಶೀಟಿನಲ್ಲಿ 27 ಎಂದು ಬರೆದಿದ್ದರೆ ನಾನು ಆ ಕೈಬರಹಕ್ಕೆ ನಮಸ್ಕಾರ ಹೇಳುತ್ತೇನೆ. ಅಲ್ಲಿ ಯಾರೋ ನಿಜವಾಗಿ ನಿಂತು ನೋಡಿದ್ದಾರೆ.

1990ರಲ್ಲಿ ಜಾರ್ಜ್ ಮಿಲ್ಲರ್ ಎಂಬ ವೈದ್ಯಶಿಕ್ಷಣ ತಜ್ಞ ಒಂದು ಪಿರಮಿಡ್ ಬರೆದು ತೋರಿಸಿದರು. ತಳದಲ್ಲಿ ಗೊತ್ತಿರುವುದು, ಅದರ ಮೇಲೆ ಹೇಗೆಂದು ಗೊತ್ತಿರುವುದು, ಅದರ ಮೇಲೆ ಮಾಡಿ ತೋರಿಸುವುದು, ತುದಿಯಲ್ಲಿ ದಿನದಿನವೂ ಮಾಡುವುದು. ಉಸಿರನ್ನು ಒಂದು ನಿಮಿಷ ಎಣಿಸಬೇಕು ಎಂದು ಉತ್ತರಪತ್ರಿಕೆಯಲ್ಲಿ ಬರೆಯದವರು ಯಾರಿದ್ದಾರೆ? ಪರೀಕ್ಷಕರ ಎದುರು ಎಣಿಸದವರೂ ಇಲ್ಲ. ಬೆಳಗಿನ ಜಾವ ಮೂರು ಗಂಟೆಗೆ, ನಾಲ್ಕು ಮಂಚ ತುಂಬಿ ಐದನೆಯವನು ಬೆಂಚಿನ ಮೇಲಿರುವಾಗ, ಯಾರೂ ನೋಡದಿದ್ದರೂ ಎಣಿಸುತ್ತಾರೆಯೇ? ಪಿರಮಿಡ್ಡಿನ ತುದಿ ಇರುವುದು ಅಲ್ಲಿ, ನಮ್ಮ ಪರೀಕ್ಷೆಗಳು ಸಾಮಾನ್ಯವಾಗಿ ಹತ್ತದೆ ಬಿಡುವುದೂ ಅದನ್ನೇ.

ಬಂಡೆಯಿಂದ ಜಾರಿದ ಹುಡುಗನ ಬಳಿಗೆ ಬರೋಣ. ಇಪ್ಪತ್ತರ ಆಸುಪಾಸಿನ ವಯಸ್ಸು, ಗಟ್ಟಿ ಮೈ. ಬಿ.ಪಿ. ನೋಡಿದರೆ 120ರ ಹತ್ತಿರ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಯುವಕರ ದೇಹ ಬಹಳ ಚೆನ್ನಾಗಿ ಸುಳ್ಳು ಹೇಳುತ್ತದೆ. ಮೈಯಲ್ಲಿರುವ ಸುಮಾರು ಐದು ಲೀಟರ್ ರಕ್ತದಲ್ಲಿ ಒಂದು ಲೀಟರಿಗೂ ಹೆಚ್ಚು ಹೊಟ್ಟೆಯೊಳಗೆ ಸೋರಿಹೋದರೂ ಮೇಲಿನ ಬಿ.ಪಿ. ಬೀಳದೆ ನಿಲ್ಲಬಹುದು, ಹೃದಯ ಓಡಿ ಓಡಿ ಅದನ್ನು ಎತ್ತಿ ಹಿಡಿದಿರುತ್ತದೆ. ನುರಿತ ಸಿಸ್ಟರ್ ಮಾನಿಟರಿನ ಅಂಕಿ ಓದಿ ಅಲ್ಲಿಗೇ ಬಿಡುವುದಿಲ್ಲ. ಅಂಗೈ ಮುಟ್ಟುತ್ತಾರೆ: ತಣ್ಣಗಿದೆ, ಬೆವೆತಿದೆ. ಉಗುರನ್ನು ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಕೆಂಪು ಮರಳಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುತ್ತಾರೆ. ನಾಡಿ ಕಾಲು ಗಂಟೆಯ ಹಿಂದೆ 96 ಇದ್ದದ್ದು ಈಗ 118. ಹುಡುಗ ಒಂದೇ ಸಮನೆ ನೀರು ಕೇಳುತ್ತಿದ್ದಾನೆ, ಮಗ್ಗುಲು ಬದಲಿಸುತ್ತಿದ್ದಾನೆ. "ಸರ್, ಈ ಹುಡುಗ ನನಗೆ ಸರಿ ಕಾಣ್ತಿಲ್ಲ, ಒಂದ್ಸಲ ಬಂದು ಹೊಟ್ಟೆ ನೋಡಿ" ಎಂದು ಡ್ಯೂಟಿ ಡಾಕ್ಟರಿಗೆ ಹೇಳುವ ಆ ಧ್ವನಿಯಲ್ಲಿ ಗಾಬರಿಯಿಲ್ಲ, ಸಂಕೋಚವೂ ಇಲ್ಲ. ಆ ಧ್ವನಿಯೇ ಅರ್ಧ ವಿದ್ಯೆ.

ತಲೆಗೆ ಪೆಟ್ಟು ಬಿದ್ದಿದ್ದರೆ ಗ್ಲಾಸ್ಗೊ ಅಳತೆ. 1974ರಲ್ಲಿ ಸ್ಕಾಟ್ಲೆಂಡಿನ ಆ ಊರಿನಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ರೂಪಿಸಿದ್ದು. ಕಣ್ಣು ತೆರೆಯುವುದಕ್ಕೆ ನಾಲ್ಕು, ಮಾತಿಗೆ ಐದು, ಕೈಕಾಲಿನ ಚಲನೆಗೆ ಆರು; ಒಟ್ಟು 15, ತೀರಾ ಕಡಿಮೆಯೆಂದರೆ 3. ಕಾಗದದ ಮೇಲೆ ಸರಳ. ಕನ್ನಡದಲ್ಲಿ, ಅದರಲ್ಲೂ ಮಾಗಡಿ ಸೀಮೆಯ ಕನ್ನಡದಲ್ಲಿ ನಡೆಯುವಾಗ ನೋಡಬೇಕು ಅದರ ಸೊಗಸು. ಮಾತಿಗೆ ಪೂರ್ತಿ ಐದು ಸಿಗಬೇಕಾದರೆ ರೋಗಿಗೆ ತಾನು ಯಾರು, ಎಲ್ಲಿದ್ದೇನೆ, ಇದು ಯಾವ ಕಾಲ ಎಂಬ ಅರಿವಿರಬೇಕು. ಅಂಗಳದಲ್ಲಿ ಜಾರಿಬಿದ್ದ ಅಜ್ಜಿಗೆ ತಾರೀಕು ಕೇಳಿದರೆ ಏನು ಪ್ರಯೋಜನ? ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ಅಜ್ಜೀ, ಇವತ್ತು ಯಾವ ವಾರ?"

"ವಾರ ಗೀರ ನಂಗೇನ್ ಗೊತ್ತವ್ವ."

"ನಾಳೆ ಸಂತೆ ಐತಾ?"

"ಸಂತೆ ಮೊನ್ನೆ ಆಯ್ತಲ್ಲವ್ವ. ನೀನ್ ಯಾವೂರೋಳು?"

ಅಜ್ಜಿಗೆ ಐದಕ್ಕೆ ಐದು. ನಮೂನೆ ಹಿಡಿದು ತಾರೀಕನ್ನಷ್ಟೇ ಕೇಳಿದ ಹೊಸಬರು ನಾಲ್ಕು ಕೊಟ್ಟು, ಗೊಂದಲ ಇದೆ ಎಂದು ಬರೆದು, ಬೇಡದ ಸ್ಕ್ಯಾನಿಗೆ ಬೆಂಗಳೂರಿನ ದಾರಿ ಹಿಡಿಸುತ್ತಿದ್ದರು. ಚಲನೆಯ ಅಂಕವೂ ಅಷ್ಟೇ ಸೂಕ್ಷ್ಮ. "ನನ್ನ ಕೈ ಹಿಡ್ಕೊಳ್ಳಿ" ಎಂದರೆ ಪ್ರಜ್ಞೆಯಿಲ್ಲದವರ ಬೆರಳೂ ಅಂಗೈ ಮುಟ್ಟಿದ್ದಕ್ಕೆ ತಾನಾಗಿ ಮಡಚಿಕೊಳ್ಳಬಹುದು. ಅದಕ್ಕೇ ಬಲ್ಲವರು ನಾಲಿಗೆ ಚಾಚಿ ಅನ್ನುತ್ತಾರೆ, ಎರಡು ಬೆರಳು ತೋರಿಸಿ ಅನ್ನುತ್ತಾರೆ. ಹಿಡಿದದ್ದನ್ನು ಬಿಡಿ ಎಂದೂ ಹೇಳಿ ನೋಡುತ್ತಾರೆ.

ಬಂಡೆಯಿಂದ ಬೀಳುವವರು ಬಹುಪಾಲು ಹೊರಗಿನವರು. ತಪ್ಪಲಿನ ಹಳ್ಳಿಗಳಿಂದ ಬರುವ ಕೇಸು ಬೇರೆ: ರಾಗಿ ಹೊಲ, ಮಾವಿನ ತೋಪು, ಕಲ್ಲುಗುಡ್ಡೆ, ಹಾವು. ಜೊತೆಗೆ ಬಂದವರು ಒಮ್ಮೊಮ್ಮೆ ಸತ್ತ ಹಾವನ್ನೂ ಚೀಲದಲ್ಲಿ ಹಾಕಿಕೊಂಡು ಬಂದು ಮೇಜಿನ ಪಕ್ಕ ಇಡುತ್ತಾರೆ. "ಹಾವ್ನ ಯಾಕ್ರಪ್ಪಾ ತಂದ್ರಿ, ಅದ್ಕೂ ಚೀಟಿ ಮಾಡಿಸ್ಬೇಕಾ?" ಎಂದು ರೇಗುತ್ತಲೇ ಸಿಸ್ಟರ್ ಕೆಲಸ ಶುರುಮಾಡಿರುತ್ತಾರೆ. ನಮ್ಮಲ್ಲಿ ಸಿಗುವ ವಿಷನಿರೋಧಕ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಹಾಗಾಗಿ ಹಾವಿನ ಗುರುತಿಗಿಂತ ರೋಗಿಯ ಗುರುತು ಮುಖ್ಯ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅಂಕಿಗಳು ಈಗ ದಾಖಲೆಗೆ ಬರುತ್ತಿವೆ. ಕೈಗಳ ದಾಖಲೆ ಎಲ್ಲೂ ಇಲ್ಲ.

ಹಾವು ಕಡಿದವರ ರಕ್ತ ಪರೀಕ್ಷಿಸುವ ಒಂದು ಗಾಜಿನ ಕೊಳವೆಯನ್ನು ನೋಡಿ. ಹೊಸದಾಗಿರಬೇಕು, ಒಣಗಿರಬೇಕು, ಗಾಜಿನದೇ ಆಗಿರಬೇಕು. ಸೋಪಿನ ಪುಡಿಯಲ್ಲಿ ತೊಳೆದು ಮತ್ತೆ ಬಳಸಿದ್ದರೆ ರಕ್ತ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ; ಪ್ಲಾಸ್ಟಿಕ್ಕೂ ಹಾಗೇ. ಅದರಲ್ಲಿ ಎರಡು ಮಿಲಿಲೀಟರಿನಷ್ಟು ರಕ್ತ ತೆಗೆದು, ಯಾರ ಕೈಯೂ ತಾಗದ ಮೂಲೆಯಲ್ಲಿ ನಿಲ್ಲಿಸಿ, 20 ನಿಮಿಷ ಬಿಡಬೇಕು. ಅಲ್ಲಾಡಿಸಬಾರದು, ಹದಿನೈದಕ್ಕೇ ಎತ್ತಿ ನೋಡಬಾರದು. 20ಕ್ಕೆ ಒಂದೇ ಒಂದು ಸಲ ಓರೆ ಮಾಡಬೇಕು. ಗಟ್ಟಿಯಾಗಿ ನಿಂತರೆ ಸರಿ, ನೀರಾಗಿ ಹರಿದರೆ ಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸಿದೆ. ಯಾವ ಲ್ಯಾಬೂ ಬೇಡದ, ಕರೆಂಟೂ ಬೇಡದ ಪರೀಕ್ಷೆ ಇದು. ಬೇಕಾದದ್ದು ತಾಳ್ಮೆಯೊಂದೇ, ತುರ್ತು ಕೊಠಡಿಯಲ್ಲಿ ಎಲ್ಲಕ್ಕಿಂತ ದುಬಾರಿ ಅದೇ. ಸುತ್ತ ಗದ್ದಲ, ಅಳು, ಇನ್ನೂ ಯಾಕೆ ಇಂಜೆಕ್ಷನ್ ಕೊಟ್ಟಿಲ್ಲ ಎಂಬ ಜಗಳ. ನಡುವೆ ಆ ಕೊಳವೆಯನ್ನು ಮುಟ್ಟದೆ ಬಿಟ್ಟು, ಗಡಿಯಾರದ ಮೇಲೆ ಒಂದು ಕಣ್ಣಿಟ್ಟು ಬೇರೆ ಹತ್ತು ಕೆಲಸ ಮುಗಿಸುವವರನ್ನು ನೋಡುವುದೇ ಒಂದು ಸುಖ.

ನಾಗರಹಾವು, ಕಟ್ಟುಹಾವಿನ ವಿಷದ ದಾರಿ ಬೇರೆ. ಅದು ನರದ ಕಡೆ ಹೋಗುತ್ತದೆ, ಕೊಳವೆಯಲ್ಲಿ ಕಾಣುವುದಿಲ್ಲ. "ಯಜಮಾನ್ರೇ, ಒಂದೇ ಉಸ್ರಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸಿ" ಎನ್ನುತ್ತಾರೆ ಸಿಸ್ಟರ್. ಮೊದಲ ಸಲ 24ಕ್ಕೆ ಮುಟ್ಟಿದವರು ಸ್ವಲ್ಪ ಹೊತ್ತಿನ ಮೇಲೆ 15ಕ್ಕೇ ನಿಂತರೆ ಉಸಿರಿನ ಸ್ನಾಯು ಸೋಲುತ್ತಿದೆ. ತಲೆದಿಂಬಿನಿಂದ ತಲೆ ಎತ್ತಿ ಎನ್ನುತ್ತಾರೆ, ಮೇಲೆ ನೋಡ್ತಾ ಇರಿ ಎನ್ನುತ್ತಾರೆ, ರೆಪ್ಪೆ ತಾನಾಗಿ ಇಳಿಯುತ್ತದೆಯೋ ಎಂದು ಕಾಯುತ್ತಾರೆ. ರೋಗಿಗೆ ಇದು ಸುಮ್ಮನೆ ಮಾತಾಡಿಸುತ್ತಿರುವ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಮಂಚದ ತಲೆಯ ಕಡೆಗೆ ಬಂದಿರುತ್ತದೆ.

ಮದ್ದು ಒಣಪುಡಿಯಾಗಿ ಬರುತ್ತದೆ, ಸೀಸೆಗೆ ಹತ್ತು ಮಿಲಿಲೀಟರ್ ನೀರು ಬೆರೆಸಬೇಕು, ಆರಂಭಕ್ಕೇ ಎಂಟರಿಂದ ಹತ್ತು ಸೀಸೆ. ಕುಲುಕಿದರೆ ನೊರೆ ಬರುತ್ತದೆ. ಅವಸರದ ಹೊತ್ತಿನಲ್ಲಿ ಹತ್ತು ಸೀಸೆಯನ್ನು ಎರಡೂ ಅಂಗೈ ನಡುವೆ ಮೆಲ್ಲಗೆ ಹೊರಳಿಸಿ ಕರಗಿಸುವ ಆ ಚಲನೆ ನೋಡಿ: ಮೈಯೆಲ್ಲ ಓಡುತ್ತಿದೆ, ಅಂಗೈ ಮಾತ್ರ ಓಡುತ್ತಿಲ್ಲ. ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ಎಳೆದ ಸಿರಿಂಜು ತಯಾರಿರುತ್ತದೆ, ಮದ್ದೇ ಒಗ್ಗದಿದ್ದರೆ ಎಂದು.

ಇನ್ನು ಕಟ್ಟು. ಹೊಲದಲ್ಲೇ ಯಾರೋ ಟವೆಲ್ಲೋ ಹಗ್ಗವೋ ಬಿಗಿದಿರುತ್ತಾರೆ, ಕಾಲು ನೀಲಿಗಟ್ಟಿರುತ್ತದೆ. ನೋಡಿದವರಿಗೆ ಮೊದಲು ಅದನ್ನು ಬಿಚ್ಚಬೇಕು ಅನ್ನಿಸುತ್ತದೆ. ಒಮ್ಮೆಲೇ ಬಿಚ್ಚಿದರೆ ಕಟ್ಟಿನಾಚೆ ನಿಂತಿದ್ದ ವಿಷ ಒಟ್ಟಿಗೆ ನುಗ್ಗಬಹುದು. ಡ್ರಿಪ್ ಹಾಕಿ, ಮದ್ದು ಹರಿಯಲು ಬಿಟ್ಟು, ಡಾಕ್ಟರು ಪಕ್ಕದಲ್ಲಿರುವಾಗ ನಿಧಾನವಾಗಿ ಸಡಿಲಿಸಬೇಕು. ಅಲ್ಲಿಯವರೆಗೆ ಸುಮ್ಮನಿರಬೇಕು. ಮಾಡದೆ ಇರುವುದಕ್ಕೆ ಅಂಕ ಕೊಡುವುದು ಹೇಗೆಂದು ಯಾವ ನಮೂನೆ ಮಾಡಿದವರಿಗೂ ಹೊಳೆದ ಹಾಗೆ ಕಾಣೆ.

1984ರಲ್ಲಿ ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಈ ಕಡೆಗೆ ಬೆಳಕು ಚೆಲ್ಲಿದರು. ಚೆಸ್ ಆಟಗಾರರನ್ನೂ ವಿಮಾನ ಚಾಲಕರನ್ನೂ ಗಮನಿಸಿ ಡ್ರೇಫಸ್ ಸೋದರರು ಕಟ್ಟಿದ್ದ ಐದು ಮೆಟ್ಟಿಲನ್ನು ಅವರು ನರ್ಸುಗಳಿಗೆ ಅನ್ವಯಿಸಿದರು. ಕೆಳಗಿನ ಮೆಟ್ಟಿಲಿನವರು ನಿಯಮ ಹಿಡಿದು ನಡೆಯುತ್ತಾರೆ. ಮೇಲಿನವರು ಇಡೀ ಸನ್ನಿವೇಶವನ್ನು ಒಟ್ಟಿಗೆ ಕಾಣುತ್ತಾರೆ, ಯಾಕೆ ಎಂದು ಕೇಳಿದರೆ ಅವರಿಗೇ ಹೇಳಲು ಬರುವುದಿಲ್ಲ. ಬೆನ್ನರ್ ಅಂಕಗಳ ಬದಲು ನರ್ಸುಗಳಿಂದ ಅವರ ಕತೆಗಳನ್ನು ಕೇಳಿ ಬರೆದುಕೊಂಡರು. ಇದು ನನಗೆ ಹಿಡಿಸುತ್ತದೆ, ಒಂದು ತಕರಾರಿನೊಂದಿಗೆ: ಒಳಗಣ್ಣು ಎಂದು ಹೊಗಳಿ ಕೈಬಿಟ್ಟರೆ ಸೋಮಾರಿತನಕ್ಕೂ ಅದೇ ಹೆಸರು ಸಿಕ್ಕೀತು. ನನಗೆ ಸರಿ ಕಾಣ್ತಿಲ್ಲ ಎಂದ ಸಿಸ್ಟರ್ ಆಮೇಲೆ ಉಸಿರು ಎಣಿಸಿ 27 ಎಂದು ಬರೆಯಲೂ ಬೇಕು.

ಹಾಗಾದರೆ ಪರೀಕ್ಷೆಯ ಕೋಣೆಯಲ್ಲಿ ಏನೂ ಇಲ್ಲವೇ? ಇದೆ. 1975ರಲ್ಲಿ ಡಂಡೀಯ ರೊನಾಲ್ಡ್ ಹಾರ್ಡನ್ ಹೊರತಂದ ಒಸ್ಕಿ ಪದ್ಧತಿ ಈಗ ನಮ್ಮ ನರ್ಸಿಂಗ್ ಕಾಲೇಜುಗಳಲ್ಲೂ ಉಂಟು: ಸಾಲಾಗಿ ಮೇಜುಗಳು, ಒಂದೊಂದರಲ್ಲಿ ಒಂದೊಂದು ಕೆಲಸ, ಗಂಟೆ ಹೊಡೆದ ಕೂಡಲೇ ಮುಂದಿನದಕ್ಕೆ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಸಮಯ. ಪರೀಕ್ಷಕರ ಮುಲಾಜಿಗೆ ಜಾಗ ಕಡಿಮೆ. ಕೆಲವು ವಿದ್ಯೆಗಳಿಗೆ ಇದಕ್ಕಿಂತ ಒಳ್ಳೆಯ ಅಳತೆ ಬೇರೆ ಇಲ್ಲ. ಹೆಜ್ಜೇನು ಎದ್ದು ಬಂಡೆಯ ಮೇಲಿದ್ದವರನ್ನು ಕಡಿದು, ಒಬ್ಬರ ಮುಖ ಊದಿ, ಗಂಟಲು ಕಟ್ಟಿ, ಬಿ.ಪಿ. ಕುಸಿಯುತ್ತಿದೆ ಎನ್ನಿ. ಆಗ ಯೋಚನೆಗೆ ಪುರುಸೊತ್ತಿಲ್ಲ: ಅಡ್ರಿನಲಿನ್ ಅರ್ಧ ಮಿಲಿಲೀಟರ್, ತೊಡೆಯ ಹೊರಬದಿಯ ಸ್ನಾಯುವಿಗೆ, ಈಗಲೇ. ತೋಳಿಗಲ್ಲ, ಚರ್ಮದಡಿಗಲ್ಲ, ಅಲರ್ಜಿಯ ಅವಿಲ್ ಕೊಟ್ಟು ನೋಡೋಣ ಎಂದಲ್ಲ. ಎದೆ ಒತ್ತುವುದೂ ಹಾಗೇ: ನಿಮಿಷಕ್ಕೆ 100ರಿಂದ 120, ಐದರಿಂದ ಆರು ಸೆಂಟಿಮೀಟರ್ ಆಳ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಇಂಥವನ್ನು ಗೊಂಬೆಯ ಮೇಲೆ ನೂರು ಸಲ ಮಾಡಿಸಿ, ಗಡಿಯಾರ ಹಿಡಿದು ಅಳೆದು, ತಪ್ಪಿದರೆ ಮತ್ತೆ ಮಾಡಿಸಬೇಕು. ಇಲ್ಲಿ ಒಳಗಣ್ಣಿನ ಮಾತು ಬೇಡ.

ಗೊಂಬೆಗೆ ಕಂಕುಳು ಬೆವರುವುದಿಲ್ಲ, ಅಷ್ಟೇ ಅದರ ಮಿತಿ. ಕೀಟನಾಶಕ ಹೊಟ್ಟೆಗೆ ಹೋದವರನ್ನು, ನಮ್ಮ ಕಡೆ "ಔಷಧಿ ಕುಡ್ಕೊಂಡವ್ರೆ" ಎನ್ನುತ್ತಾರಲ್ಲ ಅಂಥವರನ್ನು, ಅಟ್ರೊಪಿನ್ ಮೇಲೆ ಇಟ್ಟಾಗ ಸಾಕಾಯಿತೇ ಎಂದು ತಿಳಿಯುವ ಗುರುತುಗಳಲ್ಲಿ ಒಂದು, ಕಂಕುಳು ಒಣಗಿರುವುದು. ಎದೆಯ ಗೊರಗೊರ ನಿಂತಿದೆಯೇ ಎಂದು ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ, ನಾಡಿ 80 ದಾಟಿದೆಯೇ ನೋಡುತ್ತಾರೆ, ಚುಕ್ಕೆಯಾಗಿದ್ದ ಪಾಪೆ ಅರಳಿದೆಯೇ ಎಂದು ಟಾರ್ಚ್ ಹಾಕುತ್ತಾರೆ, ಆಮೇಲೆ ಬೆರಳ ಹಿಂಭಾಗವನ್ನು ಮೆಲ್ಲಗೆ ಕಂಕುಳಿಗೆ ಇಡುತ್ತಾರೆ. ಐದು ನಿಮಿಷಕ್ಕೊಮ್ಮೆ ಮತ್ತೆ ಅದೇ ಸುತ್ತು. ಮನೆಯವರೇ ಇಡಲು ಹಿಂಜರಿಯುವ ಜಾಗದಲ್ಲಿ ಇಟ್ಟ ಆ ಕೈ ಯಾಕಮ್ಮಾ ಹೀಗ್ಮಾಡ್ಕೊಂಡೆ ಎಂದು ಕೇಳುವುದಿಲ್ಲ. ಕೇಳುವ ಹೊತ್ತು ನಾಳೆ ಬರುತ್ತದೆ, ಕೇಳಬೇಕಾದವರು ಬೇರೆ ಇದ್ದಾರೆ. ಬೈಯದೆ, ಉಪದೇಶ ಮಾಡದೆ, ಹೊದಿಕೆ ಸರಿಮಾಡಿ ಮುಂದಿನ ಐದು ನಿಮಿಷಕ್ಕೆ ಬರುವವರು ನನ್ನ ಪಟ್ಟಿಯಲ್ಲಿ ಬಹಳ ಮೇಲಿದ್ದಾರೆ.

ಅಳೆಯುವವರು ಯಾರು ಎಂಬುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ನೈಟ್ ಡ್ಯೂಟಿ ಮಾಡದವರು ಅಳೆಯಬಾರದು. ಇಂಚಾರ್ಜ್ ಸಿಸ್ಟರ್ ಬೆಳಿಗ್ಗೆ ಎಂಟರ ಹ್ಯಾಂಡ್‌ಓವರ್‌ನಲ್ಲಿ ನಿಂತು ಕೇಳಿಸಿಕೊಳ್ಳುವಾಗ ನಡೆಯುವ ಪರೀಕ್ಷೆ ಯಾವ ವಿಶ್ವವಿದ್ಯಾಲಯದ್ದಕ್ಕೂ ಕಡಿಮೆಯಲ್ಲ. ಮೂರನೇ ಮಂಚದವರು ಚೆನ್ನಾಗಿದ್ದಾರೆ ಎಂದರೆ ಅವರು ಹುಬ್ಬೇರಿಸುತ್ತಾರೆ. ಚೆನ್ನಾಗಿದ್ದಾರೆ ಎಂದರೆ ಏನು, ಮೂತ್ರ ಎಷ್ಟು ಹೋಯಿತು, ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ. ಜೊತೆಗೆ ಒಂದು ನ್ಯಾಯದ ಮಾತು: ಒಬ್ಬರೇ ಸಿಸ್ಟರ್ ಇಡೀ ರಾತ್ರಿ ತುರ್ತು ಕೊಠಡಿ, ವಾರ್ಡು ಎರಡನ್ನೂ ನೋಡುತ್ತಿದ್ದರೆ, ಉಸಿರು ಎಣಿಸದಿದ್ದುದಕ್ಕೆ ಅವರ ಸಾಮರ್ಥ್ಯದ ಕಾಲಂನಲ್ಲಿ ಅಂಕ ಕಡಿಯುವುದು ಮೋಸ. ಆ ಕಾಲಂ ಆಡಳಿತದ ಹೆಸರಿನಲ್ಲಿರಬೇಕು.

ನನ್ನನ್ನೇ ಪರೀಕ್ಷಕರ ಕುರ್ಚಿಯಲ್ಲಿ ಕೂರಿಸಿದರೆ ಬೇರೇನೂ ಕೇಳದೆ ರೆಫರಲ್ ಚೀಟಿಯೊಂದನ್ನು ಕೇಳುತ್ತೇನೆ. ಮಾಗಡಿಯಿಂದ ಬೆಂಗಳೂರಿಗೆ ಸುಮಾರು 50 ಕಿಲೋಮೀಟರ್. ಆ ದಾರಿಯುದ್ದಕ್ಕೂ ರೋಗಿಯ ಪರವಾಗಿ ಮಾತಾಡುವುದು ಆ ಚೀಟಿ. ಹಾವು ಕಡಿತ, ಪ್ರಥಮ ಚಿಕಿತ್ಸೆ ನೀಡಲಾಗಿದೆ, ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ ಎಂದಷ್ಟೇ ಇದ್ದರೆ ಅಲ್ಲಿನ ವಿಕ್ಟೋರಿಯಾ ಆಸ್ಪತ್ರೆಯ ಸಿಸ್ಟರ್ ಮೊದಲಿನಿಂದ ಶುರುಮಾಡಬೇಕು. ಒಳ್ಳೆಯ ಚೀಟಿಯಲ್ಲಿ ವಿಶೇಷಣಗಳಿರುವುದಿಲ್ಲ, ಗಂಟೆಗಳಿರುತ್ತವೆ: ಕಡಿದದ್ದು 4.10, ಕೊಳವೆಗೆ ರಕ್ತ 5.05, 5.25ಕ್ಕೆ ಹೆಪ್ಪುಗಟ್ಟಿಲ್ಲ, ಹತ್ತು ಸೀಸೆ ಶುರು 5.40, ಕಟ್ಟು ಸಡಿಲಿಸಿದ್ದು 5.55, ಒಂದೇ ಉಸಿರಿನ ಎಣಿಕೆ 24, ಆಮೇಲೂ 24, ಮೂತ್ರದ ಬಣ್ಣ ತಿಳಿ. ಮದ್ದು ಶುರುವಾದ ಆರು ಗಂಟೆಗೆ ಕೊಳವೆಯ ಪರೀಕ್ಷೆ ಮತ್ತೆ ಮಾಡಬೇಕು, ಇನ್ನಷ್ಟು ಮದ್ದು ಬೇಕೇ ಎಂಬುದು ಆಗ ತೀರ್ಮಾನ. ಅಲ್ಲಿನ ಸಿಸ್ಟರ್ ಚೀಟಿ ಓದಿ, ಬೆರಳು ಮಡಚಿ ಲೆಕ್ಕ ಹಾಕಿ, ಒಂದು ತುಂಡು ಪ್ಲಾಸ್ಟರಿನ ಮೇಲೆ 11.40 ಎಂದು ಬರೆದು ಡ್ರಿಪ್ ಸ್ಟ್ಯಾಂಡಿಗೆ ಅಂಟಿಸಿ, ಹೊಸ ಗಾಜಿನ ಕೊಳವೆ ಎಲ್ಲಿದೆ ಎಂದು ಡ್ರಾಯರ್ ಎಳೆಯುತ್ತಾರೆ.